ಚಿತ್ತಾ ನಕ್ಷತ್ರದ ಕೆಳಗೆ, ಮೂರೂವರೆ ಮುಷ್ಟಿ ದೂರದಲ್ಲಿ

ಒಮೆಗಾ ಸೆಂಟಾರಿಯನ್ನು ನೋಡಬೇಕೆಂದು ನಾನು ನಿಶ್ಚಯಿಸಿದ ದಿನಕ್ಕೂ ಅದು ನನ್ನ ಕಣ್ಣಿಗೆ ಬಿದ್ದ ರಾತ್ರಿಗೂ ನಡುವೆ ನಾಲ್ಕು ಬೇಸಿಗೆಗಳು ಕಳೆದುಹೋದವು. ಅದು ಹುಡುಕಿದರೂ ಸಿಗದಷ್ಟು ಮಸುಕಾದ ಕಾಯವೇನಲ್ಲ. ಭೂಮಿಯಿಂದ ಕಾಣುವ ಗೋಳೀಯ ನಕ್ಷತ್ರಗುಚ್ಛಗಳಲ್ಲೆಲ್ಲ ಅದೇ ಅತ್ಯಂತ ಪ್ರಕಾಶಮಾನವಾದದ್ದು. ಸುಮಾರು 17,000 ಜ್ಯೋತಿರ್ವರ್ಷಗಳಾಚೆ ಒಂದು ಕೋಟಿಯಷ್ಟು ನಕ್ಷತ್ರಗಳು ಒತ್ತೊತ್ತಾಗಿ ನೆರೆದಿರುವ ಈ ಗುಚ್ಛವು ನಮ್ಮ ಆಕಾಶದಲ್ಲಿ ಹೆಚ್ಚುಕಡಿಮೆ ಹುಣ್ಣಿಮೆಯ ಚಂದ್ರನಷ್ಟು ಅಗಲಕ್ಕೆ ಹರಡಿಕೊಂಡಿದ್ದು, ಕತ್ತಲೆ ಚೆನ್ನಾಗಿರುವ ಕಡೆ ಬರಿಗಣ್ಣಿಗೇ ಕಾಣುತ್ತದೆ. ನನ್ನ ಬಳಿ ಒಳ್ಳೆಯ 10×50 ಬೈನಾಕ್ಯುಲರ್ ಇತ್ತು, ನಕ್ಷತ್ರಪಟ ಇತ್ತು, ಮೊಬೈಲಿನಲ್ಲಿ ಆಕಾಶ ತೋರಿಸುವ ಆ್ಯಪ್ ಕೂಡ ಇತ್ತು. ಇಷ್ಟಿದ್ದರೂ ಏಕೆ ಕಾಣಲಿಲ್ಲ ಎಂಬ ಪ್ರಶ್ನೆ ಆಗ ನನ್ನನ್ನು ಬಹಳ ಕಾಡಿತ್ತು. ಉತ್ತರ ದೊರೆತ ಬಳಿಕವೂ ಅದು ನನ್ನನ್ನು ಬಿಟ್ಟಿಲ್ಲ, ಏಕೆಂದರೆ ಆ ಉತ್ತರದಲ್ಲಿ ನಮ್ಮ ಆಕಾಶ, ನಮ್ಮ ಮಳೆಗಾಲ ಮತ್ತು ನಮ್ಮ ಮನೆಯ ಗೋಡೆಯ ಮೇಲೆ ತೂಗುವ ಪಂಚಾಂಗ ಮೂರೂ ಸೇರಿಕೊಂಡಿವೆ.

ನೀಹಾರಿಕೆ, ನಕ್ಷತ್ರಗುಚ್ಛ, ಗೆಲಾಕ್ಸಿಗಳಂತಹ ದೂರದ ಮಬ್ಬು ಕಾಯಗಳನ್ನು ಹವ್ಯಾಸಿಗಳು ಒಟ್ಟಾಗಿ ಡೀಪ್ ಸ್ಕೈ ಎಂದು ಕರೆಯುತ್ತಾರೆ. ಇವುಗಳ ಪಟ್ಟಿಯಿರುವ ಪುಸ್ತಕಗಳಲ್ಲಿ ಪ್ರತಿಯೊಂದರ ಮುಂದೆಯೂ ‘ನೋಡಲು ಸೂಕ್ತ ತಿಂಗಳು’ ಎಂಬ ಒಂದು ಕಲಮು ಇರುವುದುಂಟು. ಒಮೆಗಾ ಸೆಂಟಾರಿಯ ಎದುರಿಗೆ ಸಾಮಾನ್ಯವಾಗಿ ಮೇ ಅಥವಾ ಜೂನ್ ಎಂದಿರುತ್ತದೆ. ಅದನ್ನು ನಂಬಿ ಮೊದಲ ಬೇಸಿಗೆಯಲ್ಲಿ ಮೇ ತಿಂಗಳ ಕೊನೆಯ ವಾರವನ್ನೇ ಆರಿಸಿಕೊಂಡೆ. ನಾಲ್ಕು ಸಂಜೆ ಕಾದರೂ ನಾಲ್ಕರಲ್ಲೂ ದಕ್ಷಿಣ ದಿಕ್ಕಿನಲ್ಲಿ ಮಿಂಚು ಹೊರತು ಬೇರೇನೂ ಕಾಣಲಿಲ್ಲ. ಆ ಕಲಮನ್ನು ಹೇಗೆ ತುಂಬುತ್ತಾರೆಂಬುದು ತಿಳಿದದ್ದು ಬಹಳ ತಡವಾಗಿ. ಆ ಕಾಯ ರಾತ್ರಿ ಒಂಬತ್ತರ ಸುಮಾರಿಗೆ ಆಕಾಶದಲ್ಲಿ ತನ್ನ ಅತಿ ಎತ್ತರದ ಸ್ಥಾನಕ್ಕೆ ಬರುವ ತಿಂಗಳನ್ನು ಅಲ್ಲಿ ಬರೆದಿರುತ್ತಾರೆ. ಊಟ ಮುಗಿಸಿ ಹೊರಗೆ ಬಂದು ಆರಾಮವಾಗಿ ನೋಡುವವರ ಲೆಕ್ಕ ಅದು. ಆ ಹೊತ್ತಿನಲ್ಲಿ ಅರಬ್ಬೀ ಸಮುದ್ರದಿಂದ ಮೋಡ ಏರಿ ಬರುತ್ತದೆಯೇ ಎಂಬುದು ಆ ಲೆಕ್ಕದೊಳಗೆ ಇಲ್ಲ. ಕೇರಳದ ತೀರಕ್ಕೆ ಮುಂಗಾರು ಮುಟ್ಟುವ ವಾಡಿಕೆಯ ದಿನ ಜೂನ್ 1. ಒಮೆಗಾ ಸೆಂಟಾರಿ ನಮ್ಮಲ್ಲಿ ರಾತ್ರಿ ಒಂಬತ್ತಕ್ಕೆ ಶಿಖರ ಮುಟ್ಟುವುದೂ ಸರಿಸುಮಾರು ಅದೇ ದಿನ.

ಕತ್ತಲೆಗೂ ದಿಕ್ಕುಂಟು

ಎರಡನೆಯ ವರ್ಷ ನಾನು ಮಾಡಿದ ತಪ್ಪು ಬೇರೆಯದು, ಮತ್ತು ಅದು ಬೆಂಗಳೂರಿನಲ್ಲಿರುವ ಬಹಳ ಜನ ಇಂದಿಗೂ ಮಾಡುವ ತಪ್ಪು. ಮೋಡವಿಲ್ಲದ ಒಂದು ಏಪ್ರಿಲ್ ರಾತ್ರಿ ಸ್ನೇಹಿತನೊಡನೆ ಚಿಕ್ಕಬಳ್ಳಾಪುರದ ಕಡೆಯ ಒಂದು ಬೆಟ್ಟದ ತಪ್ಪಲಿಗೆ ಹೋಗಿದ್ದೆ. ನಗರದಿಂದ ಐವತ್ತು ಅರುವತ್ತು ಕಿಲೋಮೀಟರು ದೂರ ಬಂದಿದ್ದೇವೆ, ಇನ್ನು ಕತ್ತಲೆಗೆ ಕೊರತೆಯಿಲ್ಲ ಎಂಬ ಭರವಸೆ ಇಬ್ಬರಿಗೂ ಇತ್ತು. ತಲೆಯೆತ್ತಿದರೆ ನಿಜಕ್ಕೂ ನಕ್ಷತ್ರಗಳು ತುಂಬಿದ್ದವು. ಸಪ್ತರ್ಷಿ ಮಂಡಲದ ಏಳೂ ತಾರೆಗಳ ಹಿಂದೆ ಅದುವರೆಗೆ ನಾವು ಕಾಣದ ಸಣ್ಣ ಸಣ್ಣ ಚುಕ್ಕಿಗಳು ಎದ್ದುಬಂದಿದ್ದವು. ಆದರೆ ದಕ್ಷಿಣಕ್ಕೆ ತಿರುಗಿದಾಗ ಬೆಂಗಳೂರಿನ ಬೆಳಕು ದಿಗಂತದಿಂದ ಮೇಲಕ್ಕೆ ಕೆಂಬಣ್ಣದ ಹೊಗೆಯಂತೆ ಏರಿ, ನಮಗೆ ಬೇಕಾಗಿದ್ದ ಆಕಾಶದ ತುಂಡನ್ನೇ ಸಂಪೂರ್ಣವಾಗಿ ತೊಳೆದುಹಾಕಿತ್ತು. ನಗರದಿಂದ ದೂರ ಹೋಗಿದ್ದೆವು ನಿಜ, ಆದರೆ ನಗರವನ್ನು ನಮಗೂ ಒಮೆಗಾ ಸೆಂಟಾರಿಗೂ ನಡುವೆ ಇಟ್ಟುಕೊಂಡು ಹೋಗಿದ್ದೆವು. ದಕ್ಷಿಣದ ಕಾಯವನ್ನು ನೋಡಬೇಕಾದವರು ನಗರದ ದಕ್ಷಿಣಕ್ಕೆ ಹೋಗಬೇಕು, ಬೆಳಕು ಬೆನ್ನ ಹಿಂದೆ ಬೀಳಬೇಕು. ಇದು ಹೇಳಿದರೆ ಅತಿ ಸರಳ. ಆದರೂ ‘ಕತ್ತಲೆಯ ಜಾಗ ಯಾವುದು’ ಎಂದು ಕೇಳುವಾಗ ಕತ್ತಲೆ ಎಲ್ಲ ದಿಕ್ಕಿಗೂ ಸಮನಾಗಿ ಹರಡಿರುತ್ತದೆ ಎಂದು ನಮ್ಮ ಮನಸ್ಸು ತಾನಾಗಿ ಊಹಿಸಿಕೊಂಡುಬಿಡುತ್ತದೆ.

ಜಾಗದ ಲೆಕ್ಕದಲ್ಲಿ ಇನ್ನೊಂದು ಅಂಶವೂ ಇದೆ, ಅದು ಅಕ್ಷಾಂಶ. ಒಮೆಗಾ ಸೆಂಟಾರಿ ಖಗೋಳದ ವಿಷುವದ್ವೃತ್ತದಿಂದ, ಅಂದರೆ ಭೂಮಿಯ ಸಮಭಾಜಕ ವೃತ್ತದ ನೇರ ಮೇಲೆ ಆಕಾಶದಲ್ಲಿ ಊಹಿಸಿಕೊಂಡ ಗೆರೆಯಿಂದ, ದಕ್ಷಿಣಕ್ಕೆ ಸುಮಾರು 47.5 ಡಿಗ್ರಿ ದೂರದಲ್ಲಿದೆ. 90ರಿಂದ ಈ 47.5ನ್ನೂ ನಾವು ನಿಂತ ಊರಿನ ಅಕ್ಷಾಂಶವನ್ನೂ ಕಳೆದರೆ, ಅದು ಅಲ್ಲಿ ಏರಬಲ್ಲ ಅತಿ ಹೆಚ್ಚಿನ ಎತ್ತರ ಸಿಗುತ್ತದೆ. ಬೆಂಗಳೂರಿನ 13 ಡಿಗ್ರಿಗೆ ಅದು 29.5, ಗುಂಡ್ಲುಪೇಟೆಯಲ್ಲಿ ಸುಮಾರು 31, ಬೀದರಿನಲ್ಲಿ 25ಕ್ಕಿಂತ ಸ್ವಲ್ಪ ಕಡಿಮೆ. ನಮ್ಮ ದೇಶದ ಅತ್ಯುತ್ತಮ ಕತ್ತಲೆಯ ಜಾಗವೆಂದು ಹೆಸರಾಗಿರುವ, 2022ರಲ್ಲಿ ಡಾರ್ಕ್ ಸ್ಕೈ ರಿಸರ್ವ್ ಎಂದು ಘೋಷಣೆಯಾದ ಲಡಾಖಿನ ಹಾನ್ಲೆಯಲ್ಲಿ ಇದು ಕೇವಲ 10 ಡಿಗ್ರಿಯ ಆಸುಪಾಸು. ಸಮುದ್ರಮಟ್ಟದಿಂದ 4,500 ಮೀಟರು ಎತ್ತರದ ಆ ಅಪ್ಪಟ ಆಕಾಶದ ಕೆಳಗೆ ನಿಂತವರಿಗೂ ಈ ಗುಚ್ಛ ಬೆಟ್ಟಗಳ ಅಂಚಿನಲ್ಲಿ ತಡಕಾಡಬೇಕಾದ ವಸ್ತು. ಉತ್ತರ ಅಕ್ಷಾಂಶ 42.5 ಡಿಗ್ರಿ ದಾಟಿದ ಊರುಗಳಲ್ಲಿ ಅದು ಹುಟ್ಟುವುದೇ ಇಲ್ಲ, ಹಾಗಾಗಿ ಇಂಗ್ಲೆಂಡಿನಲ್ಲಿರುವ ನಮ್ಮವರು ಇದನ್ನು ನೋಡಲು ಊರಿಗೆ ಬಂದಾಗಲೇ ನೋಡಬೇಕು. ತಮಿಳುನಾಡಿನ ಜವಾದಿ ಬೆಟ್ಟಗಳಲ್ಲಿ, 12.5 ಡಿಗ್ರಿ ಅಕ್ಷಾಂಶದ ಕಾವಲೂರಿನಲ್ಲಿ ವೀಕ್ಷಣಾಲಯ ನೆಲೆಗೊಂಡದ್ದರ ಲಾಭಗಳಲ್ಲಿ ಇದೂ ಒಂದು. ಸಮಭಾಜಕ ವೃತ್ತಕ್ಕೆ ಹತ್ತಿರವಿರುವುದರಿಂದ ಅಲ್ಲಿಂದ ಉತ್ತರ, ದಕ್ಷಿಣ ಎರಡೂ ಆಕಾಶಗಳು ಕೈಗೆಟಕುತ್ತವೆ. ದಕ್ಷಿಣ ಕರ್ನಾಟಕದ ಯಾವ ಹೊಲದಲ್ಲಿ ನಿಂತರೂ ಈ ಅನುಕೂಲ ನಮಗೂ ಇದ್ದೇ ಇದೆ. ಇದನ್ನು ನಾವು ಅಷ್ಟಾಗಿ ಗಮನಿಸಿಲ್ಲವೆಂಬುದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಎತ್ತರದ ವಿಷಯ ಬರೀ ಮರ-ಗುಡ್ಡಗಳ ಮರೆಯ ಪ್ರಶ್ನೆಯಲ್ಲ. ನೆತ್ತಿಯ ಮೇಲಿರುವ ತಾರೆಯ ಬೆಳಕು ಎಷ್ಟು ಗಾಳಿಯನ್ನು ದಾಟಿ ಬರುತ್ತದೆಯೋ, 30 ಡಿಗ್ರಿ ಎತ್ತರದ ತಾರೆಯ ಬೆಳಕು ಅದರ ಎರಡರಷ್ಟು, 20 ಡಿಗ್ರಿಯಲ್ಲಿ ಸುಮಾರು ಮೂರರಷ್ಟು, 10 ಡಿಗ್ರಿಯಲ್ಲಿ ಐದೂವರೆಗಿಂತ ಹೆಚ್ಚು ಪಟ್ಟು ಗಾಳಿಯನ್ನು ದಾಟಬೇಕು. ನಮ್ಮ ಬೇಸಿಗೆಯ ಗಾಳಿಯಲ್ಲಿ ಧೂಳು, ಹೊಗೆ, ತೇವ ಎಲ್ಲವೂ ಇರುತ್ತವೆ. ಗುಂಡ್ಲುಪೇಟೆಯ ಅಕ್ಷಾಂಶದಲ್ಲಿ ಒಮೆಗಾ ಸೆಂಟಾರಿ 20 ಡಿಗ್ರಿಗಿಂತ ಮೇಲಿರುವುದು ದಿನಕ್ಕೆ ಐದೂವರೆ ಗಂಟೆಯ ಆಸುಪಾಸು ಮಾತ್ರ. ಆ ಅವಧಿಯ ನಟ್ಟನಡುವಿನ ಒಂದೆರಡು ಗಂಟೆಗಳೇ ನಮಗೆ ನಿಜವಾಗಿ ದಕ್ಕುವ ಹೊತ್ತು.

ಪಂಚಾಂಗ ಶ್ರವಣದ ಸಂಜೆ

ಆ ಹೊತ್ತು ಯಾವಾಗ ಬರುತ್ತದೆ ಎಂಬುದನ್ನು ಕಂಡುಕೊಳ್ಳುವ ದಾರಿ ಪುಸ್ತಕಗಳಲ್ಲಿದೆ. ಪ್ರತಿಯೊಂದು ಆಕಾಶಕಾಯಕ್ಕೂ ವಿಷುವದಂಶ ಎಂಬ ಒಂದು ಅಳತೆ ಇದ್ದು, ಅದನ್ನು ಗಂಟೆ-ನಿಮಿಷಗಳಲ್ಲಿ ಹೇಳುತ್ತಾರೆ. ಒಮೆಗಾ ಸೆಂಟಾರಿಯದು 13 ಗಂಟೆ 27 ನಿಮಿಷ. ಮಾರ್ಚ್ 21ರ ಸುಮಾರಿಗೆ ನಡುರಾತ್ರಿಯಲ್ಲಿ ನಮ್ಮ ನೆತ್ತಿಯ ಉತ್ತರ-ದಕ್ಷಿಣ ಗೆರೆಯನ್ನು ದಾಟುವುದು 12 ಗಂಟೆಯ ವಿಷುವದಂಶ. ದಿನಕ್ಕೆ ನಾಲ್ಕು ನಿಮಿಷದಂತೆ ಅದು ಮುಂದೆ ಸರಿಯುವುದರಿಂದ ಏಪ್ರಿಲ್ ಮಧ್ಯಭಾಗಕ್ಕೆ ನಡುರಾತ್ರಿಯ ಗೆರೆಯ ಮೇಲೆ ಒಮೆಗಾ ಸೆಂಟಾರಿ ಬಂದಿರುತ್ತದೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಕಾಲಕ್ಕೆ, ನಾವಿರುವುದು ಅದಕ್ಕಿಂತ ಪಶ್ಚಿಮದಲ್ಲಿ. ಆದ್ದರಿಂದ ಬೆಂಗಳೂರಿನಲ್ಲಿ 20 ನಿಮಿಷ, ಮಂಗಳೂರಿನಲ್ಲಿ 30 ನಿಮಿಷ ಸೇರಿಸಬೇಕು. ಈ ಲೆಕ್ಕವನ್ನು ನಾನು ಕಾಗದದ ಮೇಲೆ ಎಷ್ಟೋ ಸಲ ಮಾಡಿದ್ದರೂ ಅದು ಮನಸ್ಸಿಗೆ ಇಳಿದಿರಲಿಲ್ಲ, ಪ್ರತಿ ಸಲವೂ ಮೊದಲಿನಿಂದ ಮಾಡಬೇಕಾಗುತ್ತಿತ್ತು.

ಅದು ಇಳಿದದ್ದು ಮೂರನೆಯ ವರ್ಷದ ಯುಗಾದಿಯಂದು, ಸೋದರಮಾವನ ಊರಿನಲ್ಲಿ. ಗುಂಡ್ಲುಪೇಟೆ ತಾಲ್ಲೂಕಿನ ಆ ಸಣ್ಣ ಊರಿನ ದೇವಸ್ಥಾನದ ಜಗಲಿಯಲ್ಲಿ ಸಂಜೆ ಪಂಚಾಂಗ ಶ್ರವಣ ನಡೆಯುತ್ತಿತ್ತು. ಅರ್ಚಕರು ಹೊಸ ಸಂವತ್ಸರದ ರಾಜ, ಮಂತ್ರಿ, ಆದಾಯ-ವ್ಯಯಗಳನ್ನು ಓದಿ ಮುಗಿಸಿ ಮಳೆಗೆ ಬಂದಾಗ, ಅದುವರೆಗೆ ಅತ್ತಿತ್ತ ಮಾತಾಡುತ್ತಿದ್ದವರೆಲ್ಲ ಸುಮ್ಮನಾದರು. ಅಶ್ವಿನಿ ಮಳೆ ಇಂಥ ದಿನ ಹುಟ್ಟುತ್ತದೆ, ಭರಣಿ ಇಂಥ ದಿನ, ಕೃತ್ತಿಕೆ ಇಂಥ ದಿನ ಎಂದು ಅವರು ಓದುತ್ತ ಹೋದರು. ಚಿಕ್ಕಂದಿನಿಂದ ಕೇಳಿದ ಪಟ್ಟಿ ಅದು. ಆದರೆ ಆ ಸಂಜೆ, ಬಹುಶಃ ಒಮೆಗಾ ಸೆಂಟಾರಿ ತಲೆಯಲ್ಲಿ ತುಂಬಿಕೊಂಡಿದ್ದರಿಂದ, ‘ಅಶ್ವಿನಿ ಮಳೆ’ ಎಂದರೆ ಸೂರ್ಯ ಅಶ್ವಿನಿ ನಕ್ಷತ್ರದಲ್ಲಿರುವ ಹದಿಮೂರು-ಹದಿನಾಲ್ಕು ದಿನಗಳು ಎಂಬ ಗೊತ್ತಿದ್ದ ಸಂಗತಿಯೇ ಹೊಸದಾಗಿ ಕೇಳಿಸಿತು. ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೋ ಅದು ಆಗ ಕಾಣುವುದಿಲ್ಲ. ಅದಕ್ಕೆ ನೇರ ಎದುರಿನದು ಇಡೀ ರಾತ್ರಿ ಕಾಣುತ್ತದೆ, ನಡುರಾತ್ರಿಗೆ ಉತ್ತರ-ದಕ್ಷಿಣ ಗೆರೆಯ ಮೇಲಿರುತ್ತದೆ. ಅಶ್ವಿನಿಯಿಂದ ಎಣಿಸಿದರೆ ಹದಿನಾಲ್ಕನೆಯದು ಚಿತ್ತಾ. ಹಾಗಾದರೆ ಅಶ್ವಿನಿ ಮಳೆ ಹುಟ್ಟುವ ಏಪ್ರಿಲ್ 14ರ ನಡುರಾತ್ರಿ ಚಿತ್ತಾ ನಕ್ಷತ್ರ ನಮ್ಮ ಗೆರೆಯ ಮೇಲಿರಬೇಕು. ನಾನು ಅಲ್ಲೇ ಮೊಬೈಲು ತೆಗೆದು ಚಿತ್ತಾ ತಾರೆಯ ವಿಷುವದಂಶ ನೋಡಿದೆ. 13 ಗಂಟೆ 25 ನಿಮಿಷ ಎಂದಿತ್ತು. ಒಮೆಗಾ ಸೆಂಟಾರಿಗಿಂತ ಎರಡೇ ನಿಮಿಷ ಕಡಿಮೆ.

ಎರಡೂ ಒಂದೇ ಗೆರೆಯ ಮೇಲಿವೆ. ಚಿತ್ತಾ ದಕ್ಷಿಣಕ್ಕೆ ನೇರವಾಗಿ ನಿಂತಾಗ, ಅದರಿಂದ ತೂಗುಗುಂಡಿನ ಹಾಗೆ 36 ಡಿಗ್ರಿ ಕೆಳಗೆ ಒಮೆಗಾ ಸೆಂಟಾರಿ ನಿಂತಿರುತ್ತದೆ. ಚಾಚಿದ ಕೈಯ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಅಂದರೆ ಮೂರೂವರೆ ಮುಷ್ಟಿ. ಚಿತ್ತಾ ಯಾರಿಗೂ ತಪ್ಪದ ತಾರೆ. ಸಪ್ತರ್ಷಿಯ ಬಾಲದ ಬಾಗುವಿಕೆಯನ್ನು ಹಾಗೆಯೇ ಮುಂದುವರಿಸಿದರೆ ಮೊದಲು ಕಿತ್ತಳೆ ಬಣ್ಣದ ಸ್ವಾತಿ, ಆಮೇಲೆ ಬೆಳ್ಳಗಿನ ಚಿತ್ತಾ. ತುಳುನಾಡಿನವರು ಬಿಸು ಆಚರಿಸುವ, ಸೂರ್ಯ ಮೇಷಕ್ಕೆ ಕಾಲಿಡುವ ದಿನದ ರಾತ್ರಿಯೇ ಇದು. ಈಗ ಬಳಕೆಯಲ್ಲಿರುವ ಚಿತ್ರಾಪಕ್ಷ ಅಯನಾಂಶ ಎಂಬ ಎಣಿಕೆಯ ಪದ್ಧತಿಯಲ್ಲಿ ಚಿತ್ತಾ ತಾರೆಯನ್ನು ಮೇಷದ ಮೊದಲ ಬಿಂದುವಿಗೆ ನೇರ ಎದುರಾಗಿ, 180 ಡಿಗ್ರಿಯಲ್ಲಿ ಇಟ್ಟುಕೊಂಡು ರಾಶಿಚಕ್ರವನ್ನು ಎಣಿಸುತ್ತಾರೆ. ಆದುದರಿಂದ ಇದು ಕಾಕತಾಳೀಯವಲ್ಲ, ಲೆಕ್ಕದ ಬುಡದಲ್ಲೇ ಇರುವ ಸಂಗತಿ. ನಿರಯಣ ಪಂಚಾಂಗ ಋತುಗಳಿಗಿಂತ ನಕ್ಷತ್ರಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿದೆ. ಋತುಗಳ ದೃಷ್ಟಿಯಿಂದ ಅದನ್ನು ಕೊರತೆಯೆಂದು ಎತ್ತಿ ತೋರಿಸುವವರಿದ್ದಾರೆ, ಅವರ ವಾದದಲ್ಲಿ ತಥ್ಯವೂ ಇದೆ. ಆದರೆ ರಾತ್ರಿ ಆಕಾಶ ನೋಡುವವನಿಗೆ ಅದಕ್ಕಿಂತ ಒಳ್ಳೆಯ ಕೈಪಿಡಿ ನನಗೆ ಗೊತ್ತಿಲ್ಲ. ಮೃಗಶಿರಾ ಮಳೆ ಜೂನಿನಲ್ಲಾದರೆ ಮೃಗಶಿರೆಯ ಪಕ್ಕದ ಮಹಾ ನೀಹಾರಿಕೆಯನ್ನು ನಡುರಾತ್ರಿ ನೋಡುವುದು ಆರು ತಿಂಗಳ ಬಳಿಕ, ಡಿಸೆಂಬರಿನಲ್ಲಿ. ಚಿತ್ತಾ ಮಳೆ ಬೀಳುವ ಅಕ್ಟೋಬರಿನಲ್ಲಿ ಒಮೆಗಾ ಸೆಂಟಾರಿಯನ್ನು ಹುಡುಕುವ ಯೋಚನೆಯನ್ನೇ ಮಾಡಬಾರದು.

ಚಂದ್ರನ ಲೆಕ್ಕವೂ ಅದೇ ಹಾಳೆಯಲ್ಲಿದೆ. ಹುಣ್ಣಿಮೆಯ ಚಂದ್ರ ಚಿತ್ತಾ ನಕ್ಷತ್ರದ ಬಳಿ ಬರುವುದರಿಂದಲೇ ಆ ತಿಂಗಳಿಗೆ ಚೈತ್ರವೆಂಬ ಹೆಸರು. ಅಂದರೆ ಚೈತ್ರದ ಹುಣ್ಣಿಮೆಯ ರಾತ್ರಿ ಚಂದ್ರ ನಮ್ಮ ಗುರುತಿನ ತಾರೆಯ ಪಕ್ಕದಲ್ಲೇ ಬೆಳಗುತ್ತ ಇಡೀ ಆಕಾಶವನ್ನು ಬಿಳುಪಾಗಿಸಿರುತ್ತಾನೆ. ನಮಗೆ ಬೇಕಾದದ್ದು ಅದರ ಎರಡು ಬದಿಯ ಅಮಾವಾಸ್ಯೆಗಳು. ಯುಗಾದಿಯ ಹಿಂದಿನ ಅಮಾವಾಸ್ಯೆ ಒಂದು, ಚೈತ್ರ ಮುಗಿಯುವ ಅಮಾವಾಸ್ಯೆ ಇನ್ನೊಂದು. ಮೊದಲನೆಯದರಲ್ಲಿ ಗುಚ್ಛ ನಡುರಾತ್ರಿ ಕಳೆದು ಒಂದೆರಡು ಗಂಟೆಗೆ ಗೆರೆಗೆ ಬರುತ್ತದೆ, ಎರಡನೆಯದರಲ್ಲಿ ರಾತ್ರಿ ಹತ್ತೂವರೆ ಹನ್ನೆರಡರ ನಡುವೆ. ನಿದ್ದೆಯ ದೃಷ್ಟಿಯಿಂದ ಎರಡನೆಯದು ಹಿತ. ಆದರೆ ಅಷ್ಟು ಹೊತ್ತಿಗೆ ಭರಣಿ, ಕೃತ್ತಿಕೆ ಮಳೆಗಳ ಸಂಜೆ ಗುಡುಗು ಶುರುವಾಗಿರುತ್ತದೆ. ಮಧ್ಯಾಹ್ನದ ಬಿಸಿಗೆ ಎದ್ದ ಮೋಡಗಳು ರಾತ್ರಿ ಹತ್ತಕ್ಕೆ ಇನ್ನೂ ಚದುರಿರುವುದಿಲ್ಲ. ನಮ್ಮ ಸೀಮೆಗೆ ಮಾರ್ಚಿನ ಅಮಾವಾಸ್ಯೆಯ ಹಿಂದು-ಮುಂದಿನ ರಾತ್ರಿಗಳೇ ಸರಿಯೆಂದು ನಾನು ದೃಢವಾಗಿ ಹೇಳುತ್ತೇನೆ. ಹಗಲಿನ ಮೋಡ ಕರಗಿ, ಧೂಳು ಕೆಳಗಿಳಿದು, ಊರಿನ ದೀಪಗಳು ಆರಿದ ಹೊತ್ತು ಅದು. ಅಮಾವಾಸ್ಯೆಯಂದೇ ಆಗಬೇಕೆಂದೂ ಇಲ್ಲ. ಶುಕ್ಲ ಷಷ್ಠಿಯವರೆಗಿನ ಚಂದ್ರ ನಡುರಾತ್ರಿಯ ಹೊತ್ತಿಗೆ ಮುಳುಗಿರುತ್ತಾನೆ.

ಯುಗಾದಿಯ ಹಿಂದಿನ ರಾತ್ರಿ

ಮರುವರ್ಷದ ಯುಗಾದಿ ಮಾರ್ಚ್ 22ಕ್ಕೆ ಬಿತ್ತು. ಹಿಂದಿನ ದಿನವೇ ಊರು ಸೇರಿದೆ. ಮಾವನ ಹೊಲದಿಂದ ದಕ್ಷಿಣಕ್ಕೆ ಬಂಡೀಪುರದ ಕಾಡು, ಅದರಾಚೆ ನೀಲಗಿರಿಯ ಸಾಲು. ಕಾಡನ್ನು ಸೀಳಿ ಹೋಗುವ ಹೆದ್ದಾರಿಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರಕ್ಕೆ 2009ರಿಂದ ನಿರ್ಬಂಧವಿದೆ. ಪ್ರಾಣಿಗಳಿಗಾಗಿ ಮಾಡಿದ ಆ ನಿಯಮದಿಂದ ದಕ್ಷಿಣದ ದಿಗಂತದಲ್ಲಿ ಲಾರಿಗಳ ದೀಪದ ಸಾಲೂ ಇಲ್ಲದ ಕತ್ತಲೆ ಉಳಿದುಕೊಂಡಿದೆ. ಮೈಸೂರಿನ ಬೆಳಕು ಬೆನ್ನ ಹಿಂದೆ, ಉತ್ತರಕ್ಕೆ. ಆನೆ, ಹಂದಿಗಳ ಭಯವಿರುವ ಊರಾದ್ದರಿಂದ ಒಬ್ಬನೇ ಹೊಲಕ್ಕೆ ಹೋಗಕೂಡದೆಂದು ಅತ್ತೆ ಕಟ್ಟುನಿಟ್ಟಾಗಿ ಹೇಳಿದ್ದರು. ಆ ವಾರ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬರುತ್ತಿದ್ದುದರಿಂದ ಮಾವ ಹೇಗೂ ನೀರು ಹಾಯಿಸಲು ಹೋಗುವವರಿದ್ದರು. ಒಂದು ಗಂಟೆಗೆ ಅವರ ಜೊತೆ ಹೊರಟೆ.

ಪಂಪಿನ ಮನೆಯ ಬಲ್ಬನ್ನು ಆರಿಸುವಂತೆ ಕೇಳಿಕೊಂಡೆ. ಅವರು ಆರಿಸಿ, ಮೋಟಾರು ಹಾಕಿ, ಕಾಲುವೆಯ ಮಣ್ಣು ತಿರುವಲು ಹೋದರು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು. ಅಷ್ಟೂ ಹೊತ್ತು ಟಾರ್ಚು, ಮೊಬೈಲು ಯಾವುದನ್ನೂ ಮುಟ್ಟದೆ ಬದುವಿನ ಮೇಲೆ ಕುಳಿತಿದ್ದೆ. ಸ್ವಾತಿ ನೆತ್ತಿಯ ಸಮೀಪ ಬಂದಿತ್ತು, ಚಿತ್ತಾ ದಕ್ಷಿಣದಲ್ಲಿ ಬಹಳ ಎತ್ತರದಲ್ಲಿತ್ತು, ಅದರ ಬಲಕ್ಕೆ ಹಸ್ತಾ ನಕ್ಷತ್ರದ ಓರೆಯಾದ ಚೌಕ. ಕೆಳಗೆ ಬಲಗಡೆ ತ್ರಿಶಂಕು ಆಗಲೇ ಗೆರೆ ದಾಟಿ ಪಶ್ಚಿಮಕ್ಕೆ ವಾಲಿತ್ತು, ಎಡಗಡೆ ಕಿನ್ನರ ರಾಶಿಯ ಎರಡು ಉಜ್ವಲ ತಾರೆಗಳು ಏರುತ್ತಿದ್ದವು. ಒಂದೂ ಮುಕ್ಕಾಲಿಗೆ ಕೈ ಚಾಚಿ ಚಿತ್ತಾದಿಂದ ಕೆಳಕ್ಕೆ ಮುಷ್ಟಿಯ ಮೇಲೆ ಮುಷ್ಟಿ ಇಡುತ್ತ ಬಂದೆ. ಎರಡೂವರೆ ಮುಷ್ಟಿಯಲ್ಲಿ ಐಯೋಟಾ ಎಂಬ ಸಾಕಷ್ಟು ಬೆಳಗುವ ತಾರೆ ಸಿಕ್ಕಿತು, ದಾರಿ ಸರಿಯಿದೆಯೆಂದು ಅದು ಖಾತ್ರಿಪಡಿಸಿತು. ಇನ್ನೊಂದು ಮುಷ್ಟಿ ಕೆಳಗೆ ಸಾಧಾರಣವಾದ ಒಂದು ಚುಕ್ಕಿ ಇತ್ತು. ಅದರ ಎಡಕ್ಕೆ ಅರ್ಧ ಮುಷ್ಟಿ ದೂರದಲ್ಲಿದ್ದ ತಾರೆಯನ್ನು ನೋಡಿ ಮತ್ತೆ ಇದನ್ನು ನೋಡಿದಾಗ ವ್ಯತ್ಯಾಸ ತಿಳಿಯಿತು. ಆ ತಾರೆ ಮೊನಚಾಗಿತ್ತು, ಇದಕ್ಕೆ ಅಂಚು ಇರಲಿಲ್ಲ.

ಅಲೆಕ್ಸಾಂಡ್ರಿಯಾದ ಪ್ರಾಚೀನ ಖಗೋಳಜ್ಞ ಟಾಲೆಮಿ ಇದನ್ನು ನಕ್ಷತ್ರಗಳ ಪಟ್ಟಿಯಲ್ಲೇ ಸೇರಿಸಿದ್ದ, 1603ರಲ್ಲಿ ನಕ್ಷತ್ರಪಟ ರಚಿಸಿದ ಬೇಯರ್ ಕೂಡ ನಕ್ಷತ್ರವೆಂದೇ ಬಗೆದು ಒಮೆಗಾ ಎಂಬ ಅಕ್ಷರ ಕೊಟ್ಟ. 1677ರಲ್ಲಿ ಸೇಂಟ್ ಹೆಲೆನಾ ದ್ವೀಪದಿಂದ ದಕ್ಷಿಣದ ಆಕಾಶವನ್ನು ಗುರುತಿಸುತ್ತಿದ್ದ ಎಡ್ಮಂಡ್ ಹ್ಯಾಲಿ, ಇದು ಸಾಮಾನ್ಯ ನಕ್ಷತ್ರವಲ್ಲವೆಂದು ಕಂಡುಕೊಂಡ. ಅಂಚಿಲ್ಲದ ಆ ಚುಕ್ಕಿಯನ್ನು ಬರಿಗಣ್ಣಿನಿಂದ ನೋಡುತ್ತ ಕುಳಿತಾಗ ಈ ಮೂವರೂ ನನಗೆ ಬಹಳ ಹತ್ತಿರದವರೆನಿಸಿದರು. ಬೈನಾಕ್ಯುಲರನ್ನು ಮೊಣಕಾಲಿನ ಮೇಲೆ ಊರಿ ಎತ್ತಿದೆ. ದುಂಡಗಿನ, ನಡುವೆ ದಟ್ಟವಾಗಿ ಅಂಚಿನತ್ತ ತೆಳುವಾಗುವ ಬೂದು ಬೆಳಕು, ನಾನು ಊಹಿಸಿಕೊಂಡಿದ್ದಕ್ಕಿಂತ ಎಷ್ಟೋ ದೊಡ್ಡದು. ಅದನ್ನು ಬಿಡಿ ಬಿಡಿ ನಕ್ಷತ್ರಗಳಾಗಿ ಒಡೆದು ನೋಡಲು ಆರೆಂಟು ಇಂಚಿನ ದೂರದರ್ಶಕ ಬೇಕು, ನನ್ನ ಬಳಿ ಅದಿರಲಿಲ್ಲ, ಆ ಕ್ಷಣಕ್ಕೆ ಬೇಕೆಂದೂ ಅನಿಸಲಿಲ್ಲ.

ಮಡಿ ತುಂಬಿಸಿ ಬಂದ ಮಾವ ಪಕ್ಕದಲ್ಲಿ ನಿಂತು, “ಯಾವ ಚುಕ್ಕಿನಪ್ಪ ನೋಡ್ತಿದ್ದೀಯ?” ಎಂದು ಕೇಳಿದರು. ಬೈನಾಕ್ಯುಲರನ್ನು ಕೈಗೆ ಕೊಟ್ಟು, ಚಿತ್ತಾ ತೋರಿಸಿ, ಅಲ್ಲಿಂದ ನೇರ ಕೆಳಗೆ ಇಳಿಯಿರಿ ಎಂದೆ. ಅವರಿಗೆ ಸಿಗಲು ಸ್ವಲ್ಪ ಹೊತ್ತು ಹಿಡಿಯಿತು. ಸಿಕ್ಕಿದ ಮೇಲೆ ಬಹಳ ಹೊತ್ತು ಕೆಳಗಿಳಿಸಲಿಲ್ಲ.

“ಚುಕ್ಕಿ ಅಲ್ಲ ಕಣಪ್ಪ ಇದು, ಬಿಡಿಸಿದ ಹತ್ತಿ ಇದ್ದಂಗದೆ,” ಎಂದರು. “ಮಳೆ ಹಿಡ್ಕಂಡ ಮೇಲೂ ಕಾಣ್ತದಾ?”

ಇಲ್ಲ, ಮೃಗಶಿರೆ ಹುಟ್ಟುವ ಹೊತ್ತಿಗೆ ಸಂಜೆಯೇ ದಕ್ಷಿಣಕ್ಕೆ ಬಂದಿರುತ್ತದೆ, ಆದರೆ ಮೋಡದ ಹಿಂದೆ, ಎಂದೆ. ಅವರು ತಲೆಯಾಡಿಸಿ ಬೈನಾಕ್ಯುಲರನ್ನು ಮತ್ತೆ ಕಣ್ಣಿಗೆ ಹಿಡಿದರು. ನೀರು ಕೊನೆಯ ಮಡಿಯಿಂದ ಹೊರಗೆ ಹರಿಯುತ್ತಿರುವ ಸದ್ದು ಕೇಳಿಸಿದ ಮೇಲೆಯೇ ಅದನ್ನು ನನ್ನ ಕೈಗಿಟ್ಟು, ಗುದ್ದಲಿ ಎತ್ತಿಕೊಂಡು ಆ ಕಡೆ ನಡೆದರು. ಮೂರು ಗಂಟೆಗೆ ವೃಶ್ಚಿಕದ ಕೊಂಡಿ ಪೂರ್ತಿ ಮೇಲೆದ್ದಿತ್ತು, ಒಮೆಗಾ ಸೆಂಟಾರಿ ಗೆರೆಯಿಂದ ಒಂದು ಮುಷ್ಟಿಗೂ ಹೆಚ್ಚು ಪಶ್ಚಿಮಕ್ಕೆ ಸರಿದು, ಕಾಡಿನ ಮೇಲಿನ ಮಂಜಿನತ್ತ ಇಳಿಯತೊಡಗಿತ್ತು.